ಬಲಗಡೆಯ ಚುಕ್ಕೆ

ಬೆಂಗಳೂರಿನಿಂದ ಬಂದ ಪಾರ್ಸೆಲನ್ನು ಮುಂಬಯಿಯ ಜೋಗೇಶ್ವರಿಯ ನನ್ನ ಬಾಡಿಗೆ ಖೋಲಿಯಲ್ಲಿ ಬಿಚ್ಚಿದಾಗ ಮೊದಲು ಕಂಡದ್ದು ನನ್ನ ಗುರುಗಳ ಅಕ್ಷರ. ಅವರು ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಧಾರವಾಡದಲ್ಲಿ ನನಗೆ ಹೀಬ್ರೂ ಕಲಿಸಿದವರು ಅವರೇ. ಹೆಣ್ಣುಮಗಳಿಗೆ ಈ ಭಾಷೆ ಯಾಕೆ ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರು ಕೇಳಿದಾಗ "ಆಕಿಗೆ ಬರತದ, ಅದಕ್ಕ" ಎಂದಷ್ಟೇ ಹೇಳಿ ಪಾಠ ಮುಂದುವರಿಸಿದವರು.

ಪಾರ್ಸೆಲಿನ ಜೊತೆಗಿದ್ದ ಪತ್ರ ಸಭೆಗಳ ಪುಸ್ತಕ ಸಮಿತಿಯ ಕಾರ್ಯದರ್ಶಿಗಳದು. ಹಳ್ಳಿಗಳ ಸಭಾಪಾಲಕರಿಗೆ, ಅಂದರೆ ಪಾದ್ರಿಗಳಿಗೆ, ಅನುಕೂಲವಾಗುವಂತೆ ಬೈಬಲಿನ ಕೀರ್ತನೆಗಳಿಗೆ ಒಂದು ವ್ಯಾಖ್ಯಾನ ಬರೆಸುವ ಕೆಲಸ ನಡೆದಿತ್ತು. ಇಂಗ್ಲಿಷಿನಿಂದ ಎತ್ತಿ ಕನ್ನಡಕ್ಕಿಳಿಸಿದ್ದು ಬೇಡ, ಹೀಬ್ರೂ ಮೂಲವನ್ನೇ ಓದಿ ಬರೆದದ್ದು ಬೇಕು ಎಂಬುದು ಸಮಿತಿಯ ಹಟ. ಗುರುಗಳ ಪಾಲಿಗೆ ಬಂದದ್ದು ಹದಿನೇಳು ಕೀರ್ತನೆಗಳು. ನಾಲ್ಕನ್ನು ಮುಗಿಸಿ ಅವರು ಹೋದರು. ಉಳಿದ ಹದಿಮೂರನ್ನು ನೀವು ಮುಗಿಸಿಕೊಡಬೇಕು, ಇನ್ನು ಯಾರನ್ನು ಕೇಳಬೇಕೋ ನಮಗೂ ತಿಳಿಯದು ಎಂದು ಬರೆದಿದ್ದರು. ಆ ಕೊನೆಯ ಮಾತು ಹೊಗಳಿಕೆಯಲ್ಲ, ಇದ್ದ ಸಂಗತಿ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಭಾಯಖಳಾದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಜೋಗೇಶ್ವರಿಯಿಂದ ಲೋಕಲ್ ಹಿಡಿದು ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಇನ್ನೊಂದು ಗಾಡಿ ಹತ್ತಿ ಹೋಗಬೇಕು. ಸಂಜೆ ಅದೇ ದಾರಿ ತಿರುಗಿ. ಭಾನುವಾರ ಸಯನ್‌ನಲ್ಲಿ ನಮ್ಮ ಕನ್ನಡ ಸಭೆಯ ಆರಾಧನೆ. ಅಲ್ಲಿ ಹುಬ್ಬಳ್ಳಿ, ಗದಗ, ಗುಳೇದಗುಡ್ಡದ ಕಡೆಯವರು ನಾಲ್ಕು ಮಾತಾಡುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವುದನ್ನು ಅವರು ಬಿಟ್ಟು ಬಹಳ ವರ್ಷಗಳಾಗಿದ್ದವು. ಏನು ಬರೆಯುತ್ತಿದ್ದೀರಿ ಎಂದು ಕೇಳುವ ಅಭ್ಯಾಸ ಅವರಿಗೆ ಆಗಲೇ ಇಲ್ಲ.

ಕೆಲಸದ ಪದ್ಧತಿಯನ್ನು ಗುರುಗಳಿಂದಲೇ ತೆಗೆದುಕೊಂಡೆ. ಒಂದು ಚರಣಕ್ಕೆ ಒಂದು ಕಾರ್ಡು. ಮೇಲೆ ಹೀಬ್ರೂ ಸಾಲು, ಅದರ ಕೆಳಗೆ ಪದಕ್ಕೆ ಪದ ಕನ್ನಡ, ಅದರ ಕೆಳಗೆ ನಮ್ಮ ಹಳೆಯ ಕನ್ನಡ ಬೈಬಲಿನ ಮಾತು, ಹಿಂಬದಿಗೆ ಪಂಡಿತರ ಅಭಿಪ್ರಾಯಗಳು. ಕಾರ್ಡುಗಳೆಲ್ಲ ಬೂಟಿನ ಡಬ್ಬಿಗಳಲ್ಲಿ. ಪಂಡಿತರ ಪುಸ್ತಕಗಳಿದ್ದದ್ದು ಕೋಟೆ ಭಾಗದ ಒಂದು ಗ್ರಂಥಾಲಯದಲ್ಲಿ. ಮನೆಗೆ ಒಯ್ಯಲು ಕೊಡುತ್ತಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಲ್ಲಿಗೆ ಹೋಗಿ, ಬಾಗಿಲು ಹಾಕುವವರೆಗೆ ಕೈಯಿಂದ ನಕಲು ಮಾಡುತ್ತಿದ್ದೆ. ಎದುರು ಕುಳಿತವರು ಯಾರೂ ಇಲ್ಲದ ಉದ್ದ ಮೇಜು, ತಲೆಯ ಮೇಲೆ ಫ್ಯಾನು. ಒಂದು ಪದದ ಅರ್ಥ ಥಟ್ಟನೆ ಹೊಳೆದಾಗ ತಲೆ ಎತ್ತಿ ನೋಡುತ್ತಿದ್ದೆ, ಯಾರಿಗಾದರೂ ಹೇಳಬೇಕೆಂದು. ಮತ್ತೆ ತಲೆ ತಗ್ಗಿಸುತ್ತಿದ್ದೆ.

ಬರವಣಿಗೆಗೆ ಸಮಿತಿ ಒಂದು ಅಚ್ಚು ಹಾಕಿಕೊಟ್ಟಿತ್ತು. ಪ್ರತಿ ಕೀರ್ತನೆಗೂ ನಾಲ್ಕು ಭಾಗ: ಮೂಲದ ಕನ್ನಡ, ಪದಗಳ ಅರ್ಥ, ಹಿನ್ನೆಲೆ, ಕೊನೆಗೆ ಸಭೆಗೆ ಸಂದೇಶ. ನಾಲ್ಕನೆಯದನ್ನು ಬಿಡುವಂತಿರಲಿಲ್ಲ. ಪಾಲಕರು ಭಾನುವಾರ ಬೆಳಿಗ್ಗೆ ತೆರೆಯುವುದು ಅದನ್ನೇ ಎಂದು ಕಾರ್ಯದರ್ಶಿಗಳು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಒಂದೂವರೆ ವರ್ಷದಲ್ಲಿ ಹನ್ನೊಂದು ಕೀರ್ತನೆಗಳು ಮುಗಿದವು. ನಂತರ ಎಂಬತ್ತೆಂಟನೆಯದು ಬಂತು.

ಈ ಕೀರ್ತನೆ ಉಳಿದವುಗಳ ಹಾಗಿಲ್ಲ. ಸಂಕಟದಲ್ಲಿ ಶುರುವಾಗುವ ಹೆಚ್ಚುಕಡಿಮೆ ಎಲ್ಲ ಕೀರ್ತನೆಗಳೂ ಎಲ್ಲೋ ಒಂದು ಕಡೆ ತಿರುಗುತ್ತವೆ. ದೇವರು ಕೇಳಿದನು, ಸ್ತೋತ್ರ ಮಾಡುತ್ತೇನೆ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಇದು ತಿರುಗುವುದೇ ಇಲ್ಲ. ಕೂಗುವವನು ಕೂಗುತ್ತಲೇ ಇದ್ದಾನೆ, ಉತ್ತರವಿಲ್ಲ. ಮೂಲದಲ್ಲಿ ಇದರ ಕಟ್ಟಕಡೆಯ ಪದ ಕತ್ತಲೆ. ಅಷ್ಟಕ್ಕೇ ಮುಗಿಯುತ್ತದೆ.

ಆ ಕೊನೆಯ ಪದದಲ್ಲೇ ತೊಡಕಿತ್ತು. ಕೊನೆಯ ಚರಣದ ಮೊದಲರ್ಧ ಸರಳ. ನನ್ನನ್ನು ಪ್ರೀತಿಸುವವರನ್ನೂ ಗೆಳೆಯರನ್ನೂ ನೀನು ನನ್ನಿಂದ ದೂರ ಮಾಡಿದೆ ಎಂದು ದೇವರಿಗೇ ಹೇಳುತ್ತಾನೆ. ಮುಂದೆ ಎರಡೇ ಪದ. ಒಂದು "ನನ್ನ ಪರಿಚಿತರು", ಇನ್ನೊಂದು "ಮಹ್ಶಾಖ್", ಅಂದರೆ ಕತ್ತಲೆಯ ಜಾಗ. ಎರಡರ ನಡುವೆ ಕ್ರಿಯಾಪದವಿಲ್ಲ. ಪರಿಚಿತರು ಕತ್ತಲೆಗೆ ಹೋದರೋ, ಕತ್ತಲೆಯಲ್ಲಿದ್ದಾರೋ, ಕತ್ತಲೆಯೇ ಆದರೋ?

ಗ್ರಂಥಾಲಯದಲ್ಲಿ ಜರ್ಮನ್ ಪಂಡಿತರು ಸಿದ್ಧಪಡಿಸಿದ ಹೀಬ್ರೂ ಪಾಠದ ದಪ್ಪ ಪುಸ್ತಕವೊಂದಿತ್ತು. ಪುಟದಡಿಯ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಒಂದು ದಾರಿ ತೋರಿಸಿದ್ದರು. ನಮ್ಮಲ್ಲಿ ಶ, ಸ ಎರಡು ಬೇರೆ ಅಕ್ಷರಗಳು. ಹೀಬ್ರೂವಿನಲ್ಲಿ ಅವೆರಡಕ್ಕೂ ಒಂದೇ ಅಕ್ಷರ. ಮೇಲಿನ ಚುಕ್ಕೆ ಬಲಗಡೆ ಇದ್ದರೆ ಶ, ಎಡಗಡೆ ಇದ್ದರೆ ಸ. ಹಳೆಯ ಕಾಲದ ಬರಹಗಾರರು ಚುಕ್ಕೆ ಇಡುತ್ತಲೇ ಇರಲಿಲ್ಲ. ನೂರಾರು ವರ್ಷಗಳಾದ ಮೇಲೆ ಬಂದ ಲಿಪಿಕಾರರು ಇಟ್ಟರು. ಈ ಚುಕ್ಕೆಯನ್ನು ಬಲದಿಂದ ಎಡಕ್ಕೆ ಸರಿಸಿದರೆ "ಮಹ್ಶಾಖ್" ಹೋಗಿ "ತಡೆದಿಡು" ಎಂಬ ಮಾತಿನ ರೂಪ ಬರುತ್ತದೆ. ಆಗ ವಾಕ್ಯ ನೇರ: ನನ್ನ ಪರಿಚಿತರನ್ನು ನೀನು ತಡೆದಿಟ್ಟೆ. ಪ್ರಾಚೀನ ಲ್ಯಾಟಿನ್ ಅನುವಾದಕರೊಬ್ಬರು ಹಾಗೆಯೇ ಓದಿದಂತಿತ್ತು. ಅಷ್ಟೇ ಅಲ್ಲ, ಹತ್ತು ಚರಣ ಹಿಂದೆ ಇದೇ "ನನ್ನ ಪರಿಚಿತರು" ಎಂಬ ಪದ "ದೂರ ಮಾಡಿದೆ" ಎಂಬ ಕ್ರಿಯಾಪದದೊಂದಿಗೆ ಬಂದಿತ್ತು.

ನನಗೆ ಹಿಗ್ಗು. ಹನ್ನೊಂದು ಪುಟ ಬರೆದೆ. ಒಂದು ಚುಕ್ಕೆ ಸರಿದರೆ ಕೀರ್ತನೆಯ ತುದಿಯಿಂದ ಕತ್ತಲೆ ಹೊರಟುಹೋಗುತ್ತದೆ, ಎದುರಿಗೆ ದೇವರು ಇದ್ದಾನೆ, ಅವನೊಡನೆ ಮಾತು ನಡೆದಿದೆ ಎಂದೆಲ್ಲ ವಾದ ಕಟ್ಟಿದೆ. ಹಾಗಾದಾಗ ನಾಲ್ಕನೆಯ ಭಾಗ ತಾನಾಗಿ ಬಂತು. ಮಾತು ಮುರಿಯದಿದ್ದರೆ ಸಂಬಂಧ ಮುರಿದಿಲ್ಲ ಎಂಬುದೇ ಸಭೆಗೆ ಸಂದೇಶ.

ಟೈಪು ಮಾಡಿಸಿ, ಹೀಬ್ರೂ ಪದಗಳಿಗೆ ಬಿಟ್ಟ ಖಾಲಿ ಜಾಗಗಳನ್ನು ಶಾಯಿಯಿಂದ ತುಂಬುವ ಮೊದಲು ಉಚ್ಚಾರಣೆಯನ್ನು ಒಮ್ಮೆ ಖಚಿತ ಮಾಡಿಕೊಳ್ಳಬೇಕಿತ್ತು. ಅಚ್ಚಿನ ಮನೆಯಲ್ಲಿ ಹೀಬ್ರೂ ಮೊಳೆಗಳಿಲ್ಲ, ಪುಸ್ತಕದಲ್ಲಿ ಪದಗಳು ಕನ್ನಡ ಲಿಪಿಯಲ್ಲೇ ಬರಬೇಕು ಎಂದು ಬೆಂಗಳೂರಿನಿಂದ ತಿಳಿಸಿದ್ದರು. ನನ್ನ ಹೀಬ್ರೂ ಕಣ್ಣಿನದು. ಕಿವಿಯಲ್ಲಿದ್ದದ್ದು ಗುರುಗಳ ಧಾರವಾಡದ ಉಚ್ಚಾರಣೆ ಮಾತ್ರ.

ನಮ್ಮ ಶಾಲೆಯ ಹೊಲಿಗೆ ಟೀಚರ್ ಕೊಂಕಣ ತೀರದ ಯಹೂದಿಗಳ ಮನೆತನದವರು. ಮನೆಯಲ್ಲಿ ಮರಾಠಿ, ಪ್ರಾರ್ಥನೆಯಲ್ಲಿ ಹೀಬ್ರೂ. ಅವರ ದೊಡ್ಡಪ್ಪ ಶಾಲೆಯಿಂದ ಎರಡು ಗಲ್ಲಿ ಆಚೆಯ ಪ್ರಾರ್ಥನಾ ಮಂದಿರದಲ್ಲಿ ಹಜ್ಜಾನ್, ಅಂದರೆ ಎಲ್ಲರ ಪರವಾಗಿ ಪ್ರಾರ್ಥನೆ ಓದುವವರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಒಂದು ಬುಧವಾರ ಶಾಲೆ ಬಿಟ್ಟ ಮೇಲೆ ಹೊಲಿಗೆ ಟೀಚರ್ ನನ್ನನ್ನು ಅವರ ಬಳಿ ಕರೆದೊಯ್ದು ಪರಿಚಯಿಸಿ ಹೋದರು.

ಮಂದಿರದ ಪಡಸಾಲೆಯ ಬೆಂಚಿನ ಮೇಲೆ ಕೂತೆವು. ತೆಳ್ಳಗಿನ, ನೆಟ್ಟಗಿನ ಮನುಷ್ಯ. ತಲೆಯ ಮೇಲೆ ಕಪ್ಪು ಟೊಪ್ಪಿಗೆ, ಎಡಗೈಯ ಒಂದು ಬೆರಳು ಅರ್ಧವೇ. ಅವರು ಮರಾಠಿಯಲ್ಲಿ ಆಡಿದ್ದನ್ನು, ಹೆಂಗಸರನ್ನು ಗೌರವದಿಂದ ಕರೆಯುವ 'ಬಾಯಿ' ಎಂಬುದೊಂದನ್ನು ಬಿಟ್ಟು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಬಾಯಿ, ನೀವು ಕ್ರಿಶ್ಚನ್. ನಿಮಗೆ ಹೀಬ್ರೂ ಯಾಕೆ ಬೇಕು?"

"ಕೀರ್ತನೆಗಳಿಗೆ ಕನ್ನಡದಲ್ಲಿ ಅರ್ಥ ಬರೆಯುತ್ತಿದ್ದೇನೆ."

"ಅರ್ಥ ನನ್ನನ್ನು ಕೇಳಬೇಡಿ. ನನಗೆ ವ್ಯಾಕರಣ ಬರುವುದಿಲ್ಲ. ಓದುವುದು ಬರುತ್ತದೆ. ನನ್ನ ಅಪ್ಪ ಓದಿದ ಹಾಗೆ ಓದುತ್ತೇನೆ."

"ಅದೇ ಬೇಕು" ಎಂದೆ.

ಆಮೇಲೆ ಪ್ರತಿ ಬುಧವಾರ ಹೋದೆ. ಅವರು ಓದುತ್ತಿದ್ದರು, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಸಣ್ಣ ಸಣ್ಣ ಗುರುತುಗಳನ್ನು ನೋಡಿ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಅವರ ದನಿಗೆ ಗೊತ್ತಿತ್ತು. ಆ ಗುರುತುಗಳ ಹೆಸರುಗಳು ನನಗೆ ಬಾಯಿಪಾಠ ಬರುತ್ತಿದ್ದವು, ಆದರೆ ಅವು ಸದ್ದು ಮಾಡುತ್ತವೆ ಎಂದು ಮೊದಲ ಬಾರಿಗೆ ಕೇಳಿದ್ದು ಅಲ್ಲಿ.

ಎಂಬತ್ತೆಂಟನೆಯದಕ್ಕೆ ಬಂದ ದಿನ ಅವರು ಕೊನೆಯ ಚರಣದ ನಡುವೆ ನಿಂತರು. ಉಸಿರು ತೆಗೆದುಕೊಂಡರು. ಆಮೇಲೆ ಆ ಎರಡು ಪದಗಳನ್ನು ಸಣ್ಣದಾಗಿ ಹೇಳಿ ಪುಸ್ತಕ ಮುಚ್ಚಿದರು.

ನಾನು ನನ್ನ ಹನ್ನೊಂದು ಪುಟಗಳ ಸುದ್ದಿ ಹೇಳಿದೆ. ಚುಕ್ಕೆಯನ್ನು ಎಡಕ್ಕೆ ಸರಿಸುವುದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಸಿಟ್ಟಾಗಬಹುದೆಂದು ಅಂದುಕೊಂಡಿದ್ದೆ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಯಾರು ಸರಿಸಿದವರು?"

"ಜರ್ಮನಿಯ ಪಂಡಿತರು."

"ಯಾಕಂತೆ?"

"ಇದ್ದ ಹಾಗೇ ಇಟ್ಟರೆ ವಾಕ್ಯ ಕೂಡುವುದಿಲ್ಲ. ಕ್ರಿಯಾಪದವಿಲ್ಲ."

ಅವರು ಕಾಗದವನ್ನು ನನಗೆ ಮರಳಿಸಿದರು. ಆಮೇಲೆ ಎದ್ದು ಒಳಗೆ ಕರೆದರು. ಸಾಲಾಗಿ ಹಾಕಿದ ಬೆಂಚುಗಳು. ಒಂದೊಂದನ್ನೂ ಮುಟ್ಟುತ್ತ ನಡೆದರು. ಇಲ್ಲಿ ಕೂರುತ್ತಿದ್ದವನು ಪೋಸ್ಟ್ ಆಫೀಸಿನವನು, ಈಗ ಇಸ್ರೇಲಿನಲ್ಲಿ. ಇಲ್ಲಿ ಇಬ್ಬರು ಅಣ್ಣತಮ್ಮಂದಿರು, ಇಬ್ಬರೂ ಅಲ್ಲಿಗೇ. ಇಲ್ಲಿ ನನ್ನ ದೊಡ್ಡ ಮಗ, ಇಲ್ಲಿ ಚಿಕ್ಕವನು. ಪ್ರಾರ್ಥನೆ ಪೂರ್ತಿ ನಡೆಯಬೇಕಾದರೆ ಹತ್ತು ಗಂಡಸರು ಸೇರಬೇಕು ಬಾಯಿ, ಈಗ ಶನಿವಾರ ಏಳು ಜನ ಬರುತ್ತಾರೆ, ಕೆಲವು ಸಲ ಆರು.

"ಮೊದಲರ್ಧದಲ್ಲಿ ಅವನು ಜಗಳವಾಡುತ್ತಾನೆ" ಎಂದರು. "ನೀನು ಮಾಡಿದೆ, ನೀನು ಮಾಡಿದೆ ಅಂತ. ಹೆಂಡತಿ ಹೋದಾಗ ನಾನೂ ಹಾಗೆ ಜಗಳವಾಡಿದೆ. ಒಂದು ವರ್ಷ ಆಡಿದೆ. ಆಮೇಲೆ ಒಂದು ದಿನ ಜಗಳವೂ ಬರುವುದಿಲ್ಲ. ನೀನು ಅನ್ನುವುದಕ್ಕೂ ಬಾಯಿ ಬರುವುದಿಲ್ಲ. ಆವಾಗ ಎರಡು ಮಾತು ಉಳಿಯುತ್ತದೆ. ನಿಮ್ಮ ಪಂಡಿತರು ಅಲ್ಲಿ ಮತ್ತೆ 'ನೀನು ಮಾಡಿದೆ' ಅಂತ ತಂದು ಇಡುತ್ತಾರೆ. ಇಡಲಿ. ಆದರೆ ಓದುವಾಗ ನಾನು ನಿಲ್ಲುವುದು ಯಾಕೆ ಅಂತ ಅವರಿಗೆ ಗೊತ್ತಿಲ್ಲ."

ಅಲ್ಲಿಂದ ಸ್ಟೇಷನ್ನಿಗೆ ಹೋಗುವಾಗ ನನಗೆ ಅವಮಾನವಾದಂತಿತ್ತು. ನಿಲ್ಲುವ ಗುರುತು ನನ್ನ ಕಾರ್ಡಿನಲ್ಲೂ ಇತ್ತು. ನಾನೇ ನಕಲು ಮಾಡಿದ್ದೆ. ಅದು ಆ ಎರಡು ಪದಗಳನ್ನು ಹಿಂದಿನ ಕ್ರಿಯಾಪದದಿಂದ ಬೇರೆ ಮಾಡಿ ನಿಲ್ಲಿಸುತ್ತದೆ ಎಂಬುದನ್ನು ನಾನು ನೋಡಿಯೂ ನೋಡಿರಲಿಲ್ಲ. ಆದರೂ ತೊಡಕು ತೊಡಕಾಗಿಯೇ ಉಳಿದಿತ್ತು. ಕ್ರಿಯಾಪದವಿಲ್ಲದ್ದನ್ನು ಕನ್ನಡದಲ್ಲಿ ಹೇಗೆ ಬರೆಯುವುದು? ನಾನು ಓದಿದ ಇಂಗ್ಲಿಷ್ ಅನುವಾದಗಳೆಲ್ಲ ಏನಾದರೊಂದು ಸೇರಿಸಿಯೇ ವಾಕ್ಯ ಮಾಡಿದ್ದವು.

ದಾದರಿನಲ್ಲಿ ಗಾಡಿ ಬದಲಿಸಿ ಹೆಂಗಸರ ಡಬ್ಬಿಯಲ್ಲಿ ನಿಂತಿದ್ದೆ. ಬಾಗಿಲ ಬಳಿ ಸಿಮೆಂಟಿನ ಧೂಳು ಮೆತ್ತಿದ ಸೀರೆಯ ಹೆಂಗಸೊಬ್ಬಳು ತನ್ನ ಪಕ್ಕದವಳೊಡನೆ ಕನ್ನಡದಲ್ಲಿ ಮಾತಾಡುವುದು ಕೇಳಿ ಯಾವೂರು ಎಂದು ಕೇಳಿದೆ. ಆಕೆಯ ಮುಖ ಅರಳಿತು.

"ನಮ್ದು ಇಂಡಿ ತಾಲೂಕ್ರಿ. ಈಕಿ ನನ್ನ ಸೊಸಿ. ಮಗ ಅಲ್ಲೇ, ಕಾಂದಿವಲಿ ಸೈಟಿನ ಮ್ಯಾಲ. ನಿಮ್ದು?"

"ನಂದು ಧಾರವಾಡ" ಎಂದೆ. ಅಂದ ಮಾತು ನನಗೇ ತಿರುಗಿ ಕೇಳಿಸಿತು.

ಆಕೆ ಆಡಿದ ನಾಲ್ಕು ಮಾತಿನಲ್ಲಿ ಒಂದು ಕ್ರಿಯಾಪದವಿಲ್ಲ. ನನ್ನದರಲ್ಲೂ ಇಲ್ಲ. ಈಕೆ ನನ್ನ ಸೊಸೆ. ಅಷ್ಟೇ, ವಾಕ್ಯ ಪೂರ್ತಿ. ಹುಟ್ಟಿದಾಗಿನಿಂದ ಹೀಗೆ ಮಾತಾಡಿಕೊಂಡು ಬಂದವಳು ನಾನು. ಕೋಟೆಯ ಗ್ರಂಥಾಲಯದಲ್ಲಿ ಕೂತು ಇನ್ನೊಂದು ಭಾಷೆಯವರ ಕಷ್ಟವನ್ನು ನನ್ನ ಕಷ್ಟವೆಂದು ನಕಲು ಮಾಡಿಕೊಂಡಿದ್ದೆ. ಕ್ರಿಯಾಪದವಿಲ್ಲದೆ ಅವರಿಗೆ ವಾಕ್ಯ ನಡೆಯುವುದಿಲ್ಲ. ಹೀಬ್ರೂವಿಗೆ ನಡೆಯುತ್ತದೆ, ಕನ್ನಡಕ್ಕೂ ನಡೆಯುತ್ತದೆ.

ಖೋಲಿಗೆ ಬಂದು ಕಾರ್ಡುಗಳನ್ನು ಹರಡಿದೆ. ಕೀರ್ತನೆಯ ಮೊದಲ ಭಾಗದಲ್ಲಿ, ಆಳದ ಗುಂಡಿಯ ಮಾತು ಬರುವ ಚರಣದಲ್ಲಿ, ಇದೇ ಕತ್ತಲೆಯ ಪದ ಬಹುವಚನದಲ್ಲಿ ಕೂತಿತ್ತು. ಅಲ್ಲಿ ಯಾರೂ ಅದರ ಚುಕ್ಕೆಯನ್ನು ಮುಟ್ಟಿರಲಿಲ್ಲ. ಮೊದಲು ನೀನು ನನ್ನನ್ನು ಕತ್ತಲೆಯ ಜಾಗದಲ್ಲಿ ಹಾಕಿದೆ ಎಂದವನು ಕೊನೆಗೆ ಅದೇ ಕತ್ತಲೆಯನ್ನು ಬಂಧುವಿನ ಹಾಗೆ ತೋರಿಸುತ್ತಾನೆ. ಹನ್ನೊಂದು ಪುಟಗಳನ್ನು ಬದಿಗಿಟ್ಟು ಹೊಸದಾಗಿ ಎರಡು ಪುಟ ಬರೆದೆ. ಚುಕ್ಕೆ ಬಲಗಡೆಯೇ ಇರಲಿ. ಸರಿಸಬಹುದೆಂಬ ವಾದವನ್ನು ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಹೇಳಿದೆ. ಕನ್ನಡ ಹೀಗೆ ಇಟ್ಟೆ: ನನ್ನ ಪರಿಚಿತರು, ಕತ್ತಲೆ.

ಉಳಿದದ್ದು ನಾಲ್ಕನೆಯ ಭಾಗ. ಮೂರು ವಾರ ಅದು ಖಾಲಿಯೇ ಇತ್ತು. ಬರೆದದ್ದೆಲ್ಲ ಕೀರ್ತನೆ ಬಿಟ್ಟ ಕಡೆಯಿಂದ ಅದನ್ನು ತಳ್ಳಿಕೊಂಡು ಮುಂದೆ ಹೋಗುತ್ತಿತ್ತು. ಕೊನೆಗೆ ಒಂದು ಸಾಲು ಬರೆದೆ: "ಇದಕ್ಕೆ ಸಂದೇಶವೆಂದು ನಾನು ಏನನ್ನೂ ಸೇರಿಸಿಲ್ಲ, ಸಭೆಯಲ್ಲಿ ಇದನ್ನು ನಿಧಾನವಾಗಿ, ಪೂರ್ತಿ ಓದಿ, ಅಲ್ಲಿಗೆ ನಿಲ್ಲಿಸಿ." ಕಟ್ಟನ್ನು ಬೆಂಗಳೂರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ.

ಉತ್ತರದ ಬದಲು ಕಾರ್ಯದರ್ಶಿಗಳೇ ಬಂದರು. ಬೇರೆ ಕೆಲಸದ ಮೇಲೆ ಮುಂಬಯಿಗೆ ಬಂದವರು ಮಧ್ಯಾಹ್ನ ನಮ್ಮ ಶಾಲೆಯ ಭೇಟಿಯ ಕೋಣೆಯಲ್ಲಿ ಕೂತಿದ್ದರು. ಸ್ವತಃ ಸಭಾಪಾಲಕರು, ಬಿಳಿ ಕೂದಲು, ಮೆಲುಮಾತು. ನನ್ನ ಪುಟಗಳನ್ನು ಚೀಲದಿಂದ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಸಿಸ್ಟರ್, ಹನ್ನೊಂದು ಕೀರ್ತನೆ ನೋಡಿ ಸಂತೋಷವಾಯಿತು. ನಿಮ್ಮ ಗುರುಗಳು ಇದ್ದಿದ್ದರೆ ಹೆಮ್ಮೆಪಡ್ತಿದ್ರು. ಇದೊಂದು ಮಾತ್ರ ಹೀಗೆ ಬಿಡೋಕಾಗಲ್ಲ."

"ಕನ್ನಡ ತಪ್ಪಾಗೇದೇನ್ರಿ ಅಯ್ಯನವರ?"

"ಕನ್ನಡ ಚೆನ್ನಾಗಿದೆ. ಭಯ ಆಗೋಷ್ಟು ಚೆನ್ನಾಗಿದೆ. ಆದರೆ ನೋಡಿ, ಮೂವತ್ತು ವರ್ಷ ಸಾವಿನ ಮನೆಗಳಿಗೆ ಹೋಗಿದ್ದೀನಿ. ಎಳೇ ಮಕ್ಕಳನ್ನ ಮಣ್ಣು ಮಾಡಿದ್ದೀನಿ. ಒಂದು ಮನೆಯಿಂದಲೂ ಸಮಾಧಾನ ಹೇಳದೆ ಎದ್ದು ಬಂದಿಲ್ಲ. ಹಳ್ಳಿ ಪಾಲಕ ಈ ಪುಸ್ತಕ ಹಿಡ್ಕೊಂಡು ಹೋಗಿ, ಕತ್ತಲೆ ಅಂತ ಓದಿ, ಮುಚ್ಚಿ, ಚಪ್ಪಲಿ ಹಾಕ್ಕೊಂಡು ಬರಬೇಕಾ?"

ಅವರ ಪ್ರಶ್ನೆ ಪೊಳ್ಳಾಗಿರಲಿಲ್ಲ. ನಾನು ತಡೆದು ಹೇಳಿದೆ: "ಸಮಾಧಾನ ಹೇಳಬ್ಯಾಡ್ರಿ ಅಂತ ನಾ ಅನ್ನೂದಿಲ್ರಿ. ಈ ಕೀರ್ತನೀ ಬಾಯಿಲೆ ಹೇಳಸಬ್ಯಾಡ್ರಿ. ಅದು ಹೇಳಿಲ್ಲ."

"ಆದಿ ಸಭೆಯವರು ಇದನ್ನ ಕ್ರಿಸ್ತನ ಶಿಲುಬೆಯ ಶ್ರಮೆಗೆ ಸೇರಿಸಿ ಓದಿದ್ದಾರೆ. ಶುಭ ಶುಕ್ರವಾರ ಓದ್ತಾರೆ. ಅಷ್ಟು ಬರೆದರೂ ಸಾಕು. ಅಲ್ಲಿಂದ ಭಾನುವಾರದ ಪುನರುತ್ಥಾನಕ್ಕೆ ಬರಬಹುದು."

"ಶುಕ್ರವಾರ ಓದಲಿ. ಆ ದಿನ ಶುಕ್ರವಾರನ ಇರಲಿ, ಅಯ್ಯನವರ. ರವಿವಾರ ಬರೂಕಿಂತ ಮೊದಲು ರವಿವಾರ ಮಾಡಬ್ಯಾಡ್ರಿ."

ಅವರು ನಕ್ಕರು, ಆದರೆ ಒಪ್ಪಲಿಲ್ಲ. ಬೇರೆ ಯಾರಿಂದಲಾದರೂ ಆ ಭಾಗ ಬರೆಸಬೇಕಾದೀತು ಎಂದರು. ಬರೆಸಿರಿ, ನನ್ನ ಕೈಯಿಂದ ಆಗುವುದಿಲ್ಲ ಎಂದೆ. ಗುರುಗಳ ಕೆಲಸ ನನ್ನ ಹಟದಿಂದ ಕೆಡಬಹುದೆಂದು ಗೊತ್ತಿತ್ತು. ಸಮಿತಿಯ ಮುಂದಿಡುತ್ತೇನೆ ಎಂದು ಹೇಳಿ ಅವರು ಪುಟಗಳನ್ನು ಚೀಲದೊಳಗೆ ಹಾಕಿಕೊಂಡು ಹೋದರು. ಕೊನೆಯ ಕೀರ್ತನೆಯನ್ನು ಮುಗಿಸಿ ಕಳಿಸಿದೆ. ತಲುಪಿತು ಎಂಬ ಕಾರ್ಡು ಬಂತು. ಆಮೇಲೆ ಒಂದು ವರ್ಷ ಏನೂ ಬರಲಿಲ್ಲ.

ಆ ನಡುವೆ ಹಜ್ಜಾನರು ಇಸ್ರೇಲಿಗೆ ಹೊರಟರು. ಮಕ್ಕಳು ಕರೆಯುತ್ತಲೇ ಇದ್ದರು, ಇಲ್ಲಿ ಶನಿವಾರಕ್ಕೆ ನಾಲ್ಕು ಜನರಾಗಿದ್ದರು. ಕೊನೆಯ ಬುಧವಾರ ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ "ಇವತ್ತು ನೀವು ಓದಿ" ಎಂದರು. ಓದಿದೆ. ಎರಡು ಕಡೆ ತಿದ್ದಿದರು. ಆಮೇಲೆ ಬೀದಿಯ ಕಡೆ ನೋಡುತ್ತ ಹೇಳಿದರು:

"ಅಲ್ಲಿ ಎಲ್ಲರಿಗೂ ಹೀಬ್ರೂ ಬರುತ್ತದಂತೆ ಬಾಯಿ. ಬಸ್ಸಿನ ಕಂಡಕ್ಟರನಿಗೂ. ತರಕಾರಿಯವನಿಗೂ. ನಾನು ಅಲ್ಲಿ ಯಾರಿಗೆ ಓದಿ ಹೇಳಲಿ?"

ಉತ್ತರಕ್ಕೆ ಕಾಯದೆ ಪುಸ್ತಕ ಮುಚ್ಚಿ ಎದ್ದರು.

ಅವರು ಹೋದ ಮೇಲೆ ಬುಧವಾರಗಳು ಉದ್ದವಾದವು. ಶಾಲೆ ಬಿಟ್ಟು ನೇರ ಸ್ಟೇಷನ್ನಿಗೆ ನಡೆಯುತ್ತಿದ್ದೆ, ಆ ಗಲ್ಲಿ ತಪ್ಪಿಸಿ. ಜೋಗೇಶ್ವರಿಯಲ್ಲಿ ಕೆಳಗಿನ ಲೇಥ್ ಮಶೀನಿನ ಕಾರಖಾನೆ ಸದ್ದು ನಿಲ್ಲಿಸಿದ ಮೇಲೆ ಒಮ್ಮೊಮ್ಮೆ ಜೋರಾಗಿ ಓದಿಕೊಳ್ಳುತ್ತಿದ್ದೆ, ಅವರು ಕಲಿಸಿದ ರಾಗ ಮರೆಯಬಾರದೆಂದು. ಮನೆಯೊಡತಿ, ಗೋವೆಯ ಮುದುಕಿ, ಒಂದು ಸಲ ಬಾಗಿಲು ತಟ್ಟಿ ಜ್ವರವೇನಾದರೂ ಬಂದಿದೆಯೇ ಎಂದು ವಿಚಾರಿಸಿದಳು. ಆಮೇಲೆ ತುಟಿಯಲ್ಲೇ ಓದತೊಡಗಿದೆ. ತುಟಿಯಲ್ಲಿ ಓದಿದರೆ ರಾಗ ಉಳಿಯುವುದಿಲ್ಲ. ಆರು ತಿಂಗಳಲ್ಲಿ ಅರ್ಧ ಹೋಗಿತ್ತು. ಭಾನುವಾರ ಸಯನ್‌ನಲ್ಲಿ ಆರಾಧನೆ ಮುಗಿದ ಮೇಲೆ ಎಲ್ಲರೂ ಊರ ಸುದ್ದಿ ಮಾತಾಡುವಾಗ ನಾನೂ ನಿಂತಿರುತ್ತಿದ್ದೆ. ಎಲ್ಲರ ಮಾತೂ ತಿಳಿಯುತ್ತಿತ್ತು. ನನಗೆ ಬೇಕಾದ ಮಾತು ಯಾವ ಭಾಷೆಯಲ್ಲೂ ಅಲ್ಲಿ ಇರಲಿಲ್ಲ.

ಪುಸ್ತಕ ಬಂತು. ನೀಲಿ ರಟ್ಟು, ತೆಳು ಕಾಗದ. ನಿಂತಲ್ಲೇ ಎಂಬತ್ತೆಂಟನೆಯದನ್ನು ತೆಗೆದೆ. ನನ್ನ ಕನ್ನಡ ಇದ್ದ ಹಾಗೇ ಇತ್ತು. ಅಡಿಟಿಪ್ಪಣಿಯೂ ಇತ್ತು. ನಾಲ್ಕನೆಯ ಭಾಗದಲ್ಲಿ ನನ್ನ ಒಂದು ಸಾಲು ಇರಲಿಲ್ಲ. ಅದರ ಜಾಗದಲ್ಲಿ ಹದಿನಾಲ್ಕು ಸಾಲುಗಳ ಒಂದು ಪ್ಯಾರಾ. ಇಲ್ಲಿ ಕತ್ತಲೆ ಕಂಡರೂ ವಿಶ್ವಾಸಿಯು ನಿರಾಶನಾಗಬೇಕಾಗಿಲ್ಲ ಎಂದು ಶುರುವಾಗಿ ಪುನರುತ್ಥಾನದ ಬೆಳಕಿನಲ್ಲಿ ಮುಗಿಯುತ್ತಿತ್ತು. ಬರೆದವರ ಹೆಸರಿರಲಿಲ್ಲ. ಓದಿದವರು ನಾನೇ ಬರೆದೆನೆಂದು ತಿಳಿಯಬೇಕು. ಕಾರ್ಯದರ್ಶಿಗಳಿಗೆ ಸಿಟ್ಟಿನಿಂದ ಬರೆದೆ. ಅವರು ಸೌಜನ್ಯದಿಂದ ಉತ್ತರಿಸಿದರು. ಅನುವಾದ ಉಳಿಸಲು ತಾವು ಸಮಿತಿಯಲ್ಲಿ ಎರಡು ಸಭೆ ವಾದಿಸಬೇಕಾಯಿತು, ಆ ಪ್ಯಾರಾ ಅದಕ್ಕೆ ತೆತ್ತ ಬೆಲೆ ಎಂದು ತಿಳಿಯಬೇಕು ಎಂದಿದ್ದರು. ಪುಸ್ತಕವನ್ನು ಕಪಾಟಿನಲ್ಲಿಟ್ಟೆ.

ಮರುವರ್ಷದ ಬೇಸಿಗೆ ರಜೆಯಲ್ಲಿ ನಮ್ಮ ಸಭೆಯ ಪಾಲಕರು ಊರಿಗೆ ಹೋಗಿದ್ದರು. ಹೋಗುವ ಮೊದಲು, ಕಾಂದಿವಲಿಯಲ್ಲಿ ನಮ್ಮವರೊಬ್ಬರ ಮನೆಗೆ ಹೋಗಿ ಬರಬೇಕೆಂದು ನನಗೆ ಹೇಳಿದ್ದರು. ಗುಳೇದಗುಡ್ಡದ ನೇಕಾರರ ಮನೆಯ ಹೆಣ್ಣುಮಗಳು. ಗಂಡ ಅಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವನು, ಕಾಮಾಲೆಯಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಮಕ್ಕಳಿಲ್ಲ. ಮೊದಮೊದಲು ಬಂದುಹೋದವರು ಈಗ ಬರುತ್ತಿಲ್ಲ ಎಂದು ಪಾಲಕರು ಹೇಳಿದ್ದರು. ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅದನ್ನೇ ಯಾಕೆ ತೆಗೆದುಕೊಂಡೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಸಾಲುಮನೆಗಳ ಚಾಳಿನ ತುದಿಯ ಖೋಲಿ. ಬೆಳಿಗ್ಗೆ ಹನ್ನೊಂದರ ಬಿಸಿಲು. ಆಕೆಗೆ ಮೂವತ್ತೈದರ ಮೇಲಿರಲಾರದು. ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಗೋಡೆಗೆ ಒರಗಿ ಕೂತಳು.

"ಪಾದ್ರಿಗೋಳು ಕಳಿಸಿದ್ರೇನ್ರಿ ಅಕ್ಕೋರ?"

"ಹೌದವ್ವ. ನಾನೂ ಬರಬೇಕಂತಿದ್ದೆ."

"ಬಂದವ್ರೆಲ್ಲಾ ಛಲೋ ಛಲೋ ಮಾತ ಹೇಳಿ ಹ್ವಾದ್ರು. ನಾನೂ ಹೂಂ ಅಂದೆ. ಏನಾರ ಓದ್ರಿ. ನನಗ ಓದಾಕ ಬರೂದಿಲ್ಲ. ಅವ್ರ ಓದ್ತಿದ್ರು."

ಪುಸ್ತಕ ತೆಗೆದೆ. ಎಂಬತ್ತೆಂಟನೆಯದನ್ನು ನಿಧಾನವಾಗಿ ಓದಿದೆ. ಕೊನೆಯ ಚರಣದ ನಡುವೆ ನಿಂತೆ. ಆಮೇಲೆ ಆ ಎರಡು ಪದ ಹೇಳಿದೆ. ತಲೆ ಎತ್ತಿದಾಗ ಆಕೆ ನನ್ನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

ಅಲ್ಲಿಗೆ ನಿಲ್ಲಿಸುವ ಧೈರ್ಯ ನನಗೆ ಆಗಲಿಲ್ಲ. ಭೇಟಿಯ ಕೋಣೆಯಲ್ಲಿ ಅಷ್ಟೆಲ್ಲ ವಾದಿಸಿದವಳು ನಾನು. ಆ ಮುಖದ ಎದುರು ಕೂತಾಗ ಕಾರ್ಯದರ್ಶಿಗಳ ಮೂವತ್ತು ವರ್ಷ ಏನೆಂದು ಗೊತ್ತಾಯಿತು. ಕೆಳಗಿನ ಪ್ಯಾರಾದ ಮೇಲೆ ಕಣ್ಣು ಬಿತ್ತು, ಹಾಗೆಯೇ ಓದುತ್ತ ಹೋದೆ. ಅದೇ ದನಿಯಲ್ಲಿ, ನಡುವೆ ನಿಲ್ಲದೆ, ಹದಿನಾಲ್ಕು ಸಾಲುಗಳನ್ನೂ ಓದಿದೆ.

ಹೊರಗೆ ನಲ್ಲಿಯ ಹತ್ತಿರ ಯಾರೋ ಹಿಂದಿಯಲ್ಲಿ ಜಗಳವಾಡುತ್ತಿದ್ದರು.

"ಅಕ್ಕೋರ" ಎಂದಳು ಕೊನೆಗೆ. "ಈ ಕಡೀ ಮಾತು ಬ್ಯಾರೆಯವ್ರು ಬರದದ್ದಲ್ಲೇನ್ರಿ?"

ಹೌದೆಂದು ತಲೆಯಾಡಿಸಿದೆ.

"ಅವ್ರೂ ಛಲೋ ಹೇಳ್ಯಾರ" ಎಂದಳು. ಸರಿದು ಬಂದು ನನ್ನ ಚಾಪೆಯ ಮೇಲೆ ಕೂತಳು. ಪುಟದ ಮೇಲೆ, ತನಗೆ ಓದಲು ಬಾರದ ಸಾಲುಗಳ ಮೇಲೆ, ಅಂಗೈ ಇಟ್ಟು ತೆಗೆದಳು. "ಮೊದಲನ್ಯಾವಂದು ಇನ್ನೊಮ್ಮೆ ಓದ್ರಿ. ಅಂವಾ ಎಲ್ಲಿಗೆ ಬಿಟ್ಟಾನೋ ಅಲ್ಲಿಗೇ ಬಿಡ್ರಿ."

ಓದಿದೆ. ಈ ಸಲ ಅಲ್ಲಿಗೇ ಬಿಟ್ಟೆ.